ಎಲೆಯ ಹೊರರೇಖೆಯಿಂದ ಮರ ಗುರುತಿಸುವ ಲೆಕ್ಕ: ಹೊಸ ಮರದ ಎಲೆ ಬಂದರೆ ಎಡವುತ್ತಿದೆ

ಪತ್ರರೇಖೆ (ಪ್ರಶ್ನೆ)

ಫೈಕಸ್ ಕುಲದ ಐದು ಮರಗಳನ್ನು, ಅಂದರೆ ಆಲ, ಅಶ್ವತ್ಥ, ಅತ್ತಿ, ಗೋಣಿ, ಬಸರಿ, ಎಲೆಯ ಆಕಾರವೊಂದರಿಂದಲೇ ಬೇರ್ಪಡಿಸಲು ಆಗುತ್ತದೆಯೇ ಎಂದು ನೋಡುತ್ತಿದ್ದೇನೆ. ಸದ್ಯದ ಕ್ರಮ ಹೀಗಿದೆ.

ಪ್ರತಿ ಪ್ರಭೇದಕ್ಕೆ 2 ಮರ, ಮರಕ್ಕೆ 25 ಎಲೆ, ಒಟ್ಟು 250. ಹಸಿ ಎಲೆಯನ್ನೇ ಸ್ಕ್ಯಾನರ್ ಮೇಲಿಟ್ಟು 300 ಡಿಪಿಐನಲ್ಲಿ ಚಿತ್ರ. ಓಟ್ಸು ವಿಧಾನದಿಂದ (ಎಲೆಗೂ ಹಿನ್ನೆಲೆಗೂ ನಡುವಿನ ಮಿತಿಯನ್ನು ತಾನೇ ಆರಿಸುವ ಲೆಕ್ಕ) ಕಪ್ಪು-ಬಿಳುಪು. ತೊಟ್ಟನ್ನು ತೆಗೆಯಲು ಮಾರ್ಫಲಾಜಿಕಲ್ ಓಪನಿಂಗ್, ಅಂದರೆ ಒಂದು ಬಿಲ್ಲೆಗಿಂತ ಕಿರಿದಾದ ಭಾಗಗಳನ್ನು ಚಿತ್ರದಿಂದ ಅಳಿಸುವ ಕ್ರಮ. ಆಮೇಲೆ ಎಲಿಪ್ಟಿಕ್ ಫೋರಿಯರ್ (ಹೊರರೇಖೆಯನ್ನು ದೀರ್ಘವೃತ್ತಗಳ ಮೊತ್ತವಾಗಿ ಬರೆಯುವ ವಿಧಾನ), 20 ಹಾರ್ಮೋನಿಕ್ (ಅಂಥ ಒಂದೊಂದು ದೀರ್ಘವೃತ್ತ), ಮೊದಲ ದೀರ್ಘವೃತ್ತದ ಆಧಾರದ ಮೇಲೆ ಗಾತ್ರ ಮತ್ತು ದಿಕ್ಕನ್ನು ಸಮಗೊಳಿಸಿದ್ದೇನೆ. ಹಾರ್ಮೋನಿಕ್‌ಗೆ 4 ಗುಣಾಂಕದಂತೆ 80, ಅದರಲ್ಲಿ ಸ್ಥಿರವಾಗುವ 3 ಬಿಟ್ಟು ಉಳಿದ 77ನ್ನೂ ನೇರವಾಗಿ ಎಲ್‌ಡಿಎಗೆ (ಹೆಸರು ಗೊತ್ತಿರುವ ಗುಂಪುಗಳನ್ನು ಬೇರ್ಪಡಿಸುವ ಅಂಕಿಅಂಶ ವಿಧಾನ) ಕೊಟ್ಟಿದ್ದೇನೆ.

ಒಂದೊಂದೇ ಎಲೆ ಹೊರಗಿಟ್ಟು ಪರೀಕ್ಷಿಸಿದರೆ ಫಲಿತಾಂಶ ತುಂಬಾ ಚೆನ್ನಾಗಿ ಬರುತ್ತದೆ. ಆದರೆ ಲೆಕ್ಕದಲ್ಲಿ ಇಲ್ಲದ ಬೇರೊಂದು ಮರದ ಎಲೆ ಕೊಟ್ಟ ಕೂಡಲೇ ಆಲ, ಗೋಣಿ, ಬಸರಿ ಒಂದಕ್ಕೊಂದು ಕಲಸಿಹೋಗುತ್ತವೆ. ಇನ್ನೂ ಒಂದು ವಿಚಿತ್ರ: ಪಿಸಿಎ (ಹಲವು ಚರಗಳನ್ನು ಕೆಲವೇ ಮುಖ್ಯ ಘಟಕಗಳಿಗೆ ಇಳಿಸುವ ವಿಧಾನ) ಚಿತ್ರದಲ್ಲಿ ಗೋಣಿಯ ಎಲೆಗಳು ಎರಡು ಗುಂಪಾಗಿ ಒಡೆದು ಎದುರುಬದುರು ಕೂರುತ್ತವೆ. ಅಶ್ವತ್ಥದ ಸರಾಸರಿ ಆಕಾರ ಬರೆಸಿದರೆ ಅದರ ತುದಿಯ ಉದ್ದ ಬಾಲವೇ ಕಾಣುವುದಿಲ್ಲ. ಹಾರ್ಮೋನಿಕ್ ಹೆಚ್ಚಿಸಬೇಕೇ? ಅಥವಾ ಈ ವಿಧಾನವನ್ನೇ ಬಿಟ್ಟು ಬೇರೆಯದಕ್ಕೆ ಹೋಗಬೇಕೇ?

ಮರಲೆಕ್ಕ

ವಿಧಾನ ಬಿಡಬೇಡಿ. ಎಲಿಪ್ಟಿಕ್ ಫೋರಿಯರ್ 1982ರಲ್ಲಿ ಕೂಲ್ ಮತ್ತು ಜಿಯಾರ್ಡಿನಾ ರೂಪಿಸಿದ್ದು, ಅದರ ಗಣಿತ ಗಟ್ಟಿಯಾಗಿದೆ. ನಿಮ್ಮ ತೊಂದರೆಯ ಬಹುಪಾಲು ಗಣಿತಕ್ಕೆ ಮುಂಚೆ ಮತ್ತು ಗಣಿತದ ನಂತರ ಇದೆ. ನಂತರದ್ದನ್ನು ಮೊದಲು ಹೇಳುತ್ತೇನೆ.

ನಿಮ್ಮಲ್ಲಿರುವುದು 250 ಮಾದರಿಯಲ್ಲ, 10 ಮಾದರಿ. ಒಂದು ಮರದ 25 ಎಲೆ ಒಂದೇ ವಂಶವಾಹಿಯವು, ಒಂದೇ ನೆಲದವು, ಒಂದೇ ಬೆಳಕಿನವು. ಒಂದು ಎಲೆಯನ್ನು ಹೊರಗಿಟ್ಟಾಗ ಅದೇ ಮರದ 24 ಎಲೆ ಒಳಗೇ ಉಳಿದಿರುತ್ತವೆ. ಹಾಗಾಗಿ ಎಲ್‌ಡಿಎ ಗುರುತಿಸುತ್ತಿರುವುದು "ಇದು ಆಲ" ಎಂದಲ್ಲ, "ಇದು ಆ ಎರಡನೇ ಮರ" ಎಂದು. ಹೊಸ ಮರ ಬಂದಾಗ ಆ ಜಾಣ್ಮೆ ಕೆಲಸಕ್ಕೆ ಬರುವುದಿಲ್ಲ.

ಪರೀಕ್ಷೆಯಲ್ಲಿ ಎಲೆಯನ್ನಲ್ಲ, ಇಡೀ ಮರವನ್ನೇ ಹೊರಗಿಡಿ. ಪೈಥಾನ್ ಬಳಸುವುದಾದರೆ ಸೈಕಿಟ್-ಲರ್ನ್‌ನಲ್ಲಿ ಗ್ರೂಪ್-ಕೆಫೋಲ್ಡ್ ಇದೆ, ಗುಂಪಿನ ಜಾಗದಲ್ಲಿ ಮರದ ಸಂಖ್ಯೆ ಕೊಟ್ಟರೆ ಸಾಕು. ಆದರೆ ಪ್ರಭೇದಕ್ಕೆ ಎರಡೇ ಮರವಿದ್ದಾಗ ಒಂದನ್ನು ಹೊರಗಿಟ್ಟರೆ ಕಲಿಯಲು ಒಂದೇ ಉಳಿಯುತ್ತದೆ. ಮರಗಳನ್ನೇ ಹೆಚ್ಚಿಸಬೇಕು. ಪ್ರಭೇದಕ್ಕೆ 10 ಮರ, ಮರಕ್ಕೆ 8–10 ಎಲೆ ಇಟ್ಟುಕೊಳ್ಳಿ. 2 ಮರದಿಂದ 50 ಎಲೆ ಕೀಳುವುದಕ್ಕಿಂತ 10 ಮರದಿಂದ ಐದೈದು ಎಲೆ ತಂದರೂ ಲಾಭ ಜಾಸ್ತಿ. ಮರಗಳು ಅಕ್ಕಪಕ್ಕದವಾಗದಿರಲಿ, ಸಾಲಾಗಿ ನೆಟ್ಟವು ಒಂದೇ ತಾಯಿಮರದ ಕೊಂಬೆಗಳಿಂದ ಬೆಳೆಸಿದವೂ ಆಗಿರಬಹುದು.

ಯಾವ ಎಲೆ ಎನ್ನುವುದೂ ಅಷ್ಟೇ ಮುಖ್ಯ. ಕೊಂಬೆಯ ತುದಿಯಿಂದ ಎಣಿಸಿ, ಪೂರ್ತಿ ಬಿಚ್ಚಿಕೊಂಡು ಬಲಿತ ಮೊದಲ ಎಲೆಯಿಂದ ನಾಲ್ಕೈದು ಗೆಣ್ಣುಗಳವರೆಗೆ ಮಾತ್ರ ತೆಗೆದುಕೊಳ್ಳಿ. ಬುಡದಿಂದ ಅಥವಾ ಕಡಿದ ಜಾಗದಿಂದ ಚಿಗುರಿದ ರೆಂಬೆಗಳನ್ನು ಮುಟ್ಟಲೇಬೇಡಿ, ಅವುಗಳ ಎಲೆ ಬೇರೆಯೇ ಆಕಾರದ್ದು. ಎಳೆ ಹಲಸಿನ ಗಿಡದಲ್ಲಿ ಹಾಲೆಗಳಾಗಿ ಸೀಳಿದ ಎಲೆ, ಬಲಿತ ಮರದಲ್ಲಿ ಇಡೀ ಎಲೆ. ಹಿಪ್ಪುನೇರಳೆಯಲ್ಲಂತೂ ಒಂದೇ ಕೊಂಬೆಯಲ್ಲಿ ಎರಡೂ ಸಿಗುತ್ತವೆ. ನೀಲಗಿರಿ ಜಾತಿಯ ಯೂಕಲಿಪ್ಟಸ್ ಗ್ಲಾಬ್ಯುಲಸ್ ಎಳೆಯದಿದ್ದಾಗ ತೊಟ್ಟಿಲ್ಲದ ಅಗಲ ಎಲೆ, ದೊಡ್ಡದಾದಾಗ ಕುಡುಗೋಲಿನಂಥ ಎಲೆ. ಇಂಥ ಬದಲಾವಣೆ ಒಂದು ಪ್ರಭೇದದೊಳಗೇ ಪ್ರಭೇದಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಬಹುದು. ಬಿಸಿಲೆಲೆ ಮತ್ತು ನೆರಳೆಲೆಗಳನ್ನು ಬೆರೆಸುವುದಾದರೆ ಎಲ್ಲ ಮರಗಳಲ್ಲೂ ಒಂದೇ ಪ್ರಮಾಣದಲ್ಲಿ ಬೆರೆಸಿ, ಯಾವುದು ಯಾವುದು ಎಂದು ಬರೆದಿಡಿ.

ಇನ್ನು 77 ಗುಣಾಂಕಗಳು. ಚರಗಳ ಸಂಖ್ಯೆ ಹೆಚ್ಚಿದಷ್ಟೂ ಎಲ್‌ಡಿಎ ಇಲ್ಲದ ಅಂತರವನ್ನೂ ತೋರಿಸುತ್ತದೆ. ಇದರ ಸೋದರ ವಿಧಾನವಾದ ಗುಂಪು-ಸರಾಸರಿಗಳ ಪಿಸಿಎ ಬಗ್ಗೆ 2019ರಲ್ಲಿ ಕಾರ್ಡಿನಿ, ಓ'ಹಿಗಿನ್ಸ್, ರೋಲ್ಫ್ ಎಚ್ಚರಿಸಿದ್ದು ಇದನ್ನೇ: ಗುಂಪುಗಳೇ ಇಲ್ಲದ ದತ್ತಾಂಶದಲ್ಲೂ ಅಂದದ ಗುಂಪುಗಳು ಮೂಡುತ್ತವೆ. ಮೊದಲು ಪಿಸಿಎ ಮಾಡಿ 8–12 ಘಟಕ ಮಾತ್ರ ಇಟ್ಟುಕೊಳ್ಳಿ. ಆ ಪಿಸಿಎಯನ್ನು ಪ್ರತಿ ಸುತ್ತಿನಲ್ಲೂ ಕಲಿಕೆಗೆ ಇಟ್ಟ ಮರಗಳ ಮೇಲೆ ಮಾತ್ರ ಮಾಡಬೇಕು. ಎಲ್ಲ ಎಲೆಗಳ ಮೇಲೆ ಒಮ್ಮೆಗೇ ಪಿಸಿಎ ಮಾಡಿ ಆಮೇಲೆ ಭಾಗ ಮಾಡಿದರೆ ಪರೀಕ್ಷೆಯ ಎಲೆಗಳ ಸುಳಿವು ಆಗಲೇ ಒಳಗೆ ಸೋರಿರುತ್ತದೆ. ಕೊನೆಗೆ ಒಂದು ತಪಾಸಣೆ: ಪ್ರಭೇದದ ಹೆಸರುಗಳನ್ನು ಮರಗಳ ಮಟ್ಟದಲ್ಲಿ ಅದಲುಬದಲು ಮಾಡಿ ಇಡೀ ಲೆಕ್ಕವನ್ನು ಕೆಲವು ನೂರು ಸಲ ಓಡಿಸಿ. ಐದು ಪ್ರಭೇದಕ್ಕೆ ಸಮ ಸಂಖ್ಯೆಯ ಮರಗಳಿದ್ದರೆ ನಿಖರತೆ 20 ಶೇಕಡಾದ ಆಸುಪಾಸಿಗೆ ಇಳಿಯಬೇಕು. ಅದಕ್ಕಿಂತ ತೀರಾ ಮೇಲೆ ನಿಂತರೆ ಎಲ್ಲೋ ಸೋರಿಕೆ ಇದೆ.

ತೊಟ್ಟು_ತುದಿ

ಮರಲೆಕ್ಕ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ನಾನು ಚಿತ್ರದ ಕಡೆಯದ್ದನ್ನು ನೋಡುತ್ತೇನೆ, ಏಕೆಂದರೆ ಬಾಲ ಮಾಯವಾದದ್ದೂ ಗೋಣಿ ಎರಡಾದದ್ದೂ ಅಲ್ಲಿಂದಲೇ.

ಬಾಲವನ್ನು ತಿಂದದ್ದು ನಿಮ್ಮ ಓಪನಿಂಗ್. 300 ಡಿಪಿಐನಲ್ಲಿ ಒಂದು ಮಿ.ಮೀ.ಗೆ ಸುಮಾರು 11.8 ಪಿಕ್ಸೆಲ್. 3 ಮಿ.ಮೀ. ದಪ್ಪದ ತೊಟ್ಟು ಹೋಗಬೇಕಾದರೆ 35 ಪಿಕ್ಸೆಲ್‌ಗಿಂತ ದೊಡ್ಡ ವ್ಯಾಸದ ಬಿಲ್ಲೆ ಬೇಕು. ಆ ಬಿಲ್ಲೆ ತೊಟ್ಟು ಯಾವುದು, ಬಾಲ ಯಾವುದು ಎಂದು ನೋಡುವುದಿಲ್ಲ. ತನಗಿಂತ ಕಿರಿದಾದದ್ದನ್ನೆಲ್ಲ ಅಳಿಸುತ್ತದೆ. ಅಶ್ವತ್ಥದ ಬಾಲದ ಹೆಚ್ಚಿನ ಭಾಗ ಅದಕ್ಕಿಂತ ಕಿರಿದು. ಬೇರೆ ಎಲೆಗಳಲ್ಲೂ ಚೂಪಾದ ತುದಿ ಮೊಂಡಾಗಿರುತ್ತದೆ, ಅಂದರೆ ಪ್ರಭೇದಗಳನ್ನು ಬೇರ್ಪಡಿಸುವ ಜಾಗವನ್ನೇ ಒರೆಸಿ ಹಾಕಿದಂತಾಯಿತು.

ಸ್ಕ್ಯಾನ್ ಮಾಡುವ ಮೊದಲೇ ಅಲಗು ಶುರುವಾಗುವ ಜಾಗದಲ್ಲಿ ತೊಟ್ಟನ್ನು ಚೂಪಾದ ಕತ್ತರಿಯಿಂದ ಕತ್ತರಿಸಿ (ತೊಟ್ಟಿನ ಉದ್ದ ಅಳೆದು ಬರೆದಿಟ್ಟುಕೊಂಡು; ಮುಂದೆ ಬೇಕಾಗುತ್ತದೆ). ಫೈಕಸ್ ಹಾಲು ಸುರಿಸುವುದರಿಂದ ಕತ್ತರಿಸಿದ ತುದಿಯನ್ನು ಒಂದು ನಿಮಿಷ ಕಾಗದಕ್ಕೆ ಒತ್ತಿ ಒರೆಸಿ, ಇಲ್ಲದಿದ್ದರೆ ಗಾಜಿನ ಮೇಲೆ ಅಂಟು ಕೂತು ಮುಂದಿನ ಎಲೆಗಳ ಅಂಚಿನಲ್ಲಿ ಕಲೆಯಾಗಿ ಬರುತ್ತದೆ. ಈಗಾಗಲೇ ತೆಗೆದ ಚಿತ್ರಗಳಿಗೆ ಬೇರೆ ದಾರಿಯಿದೆ. ಓಪನಿಂಗ್ ಮಾಡಿದ ಚಿತ್ರವನ್ನು ಮೂಲದಿಂದ ಕಳೆಯಿರಿ, ಕಳೆದುಳಿದ ತುಂಡುಗಳಲ್ಲಿ ಬುಡದ ಕಡೆಯದ್ದನ್ನು ಮಾತ್ರ ತೆಗೆದುಹಾಕಿ, ಉಳಿದವನ್ನು ವಾಪಸ್ ಸೇರಿಸಿ.

ಕಪ್ಪು-ಬಿಳುಪು ಮಾಡುವಾಗ ಬಣ್ಣದ ಚಿತ್ರವನ್ನು ಸುಮ್ಮನೆ ಬೂದುಬಣ್ಣಕ್ಕೆ ಇಳಿಸಬೇಡಿ. ನೀಲಿ ಚಾನೆಲ್ ಒಂದನ್ನೇ ತೆಗೆದು ಓಟ್ಸು ಹಾಕಿ. ಹಸಿರು ಎಲೆ ನೀಲಿಯನ್ನು ಹೀರುತ್ತದೆ, ಬಿಳಿ ಹಿನ್ನೆಲೆ ಹೀರುವುದಿಲ್ಲ, ಅಂತರ ಅಲ್ಲೇ ಎದ್ದು ಕಾಣುತ್ತದೆ. ಗೋಣಿ, ಆಲದಂಥ ದಪ್ಪ ಎಲೆಗಳು ಗಾಜಿಗೆ ಪೂರ್ತಿ ಅಂಟದೆ ಅಂಚಿನಲ್ಲಿ ನೆರಳು ಬೀಳಿಸುತ್ತವೆ, ಆ ನೆರಳೂ ಎಲೆಯೆಂದೇ ಎಣಿಕೆಯಾಗುತ್ತದೆ. ಎಲೆಯ ಮೇಲೆ ಬಿಳಿ ಫೋಮ್ ಹಾಳೆ ಇಟ್ಟು ಮುಚ್ಚಳ ಒತ್ತಿ.

ಈಗ ಗೋಣಿಯ ಎರಡು ಗುಂಪು. ಮೊದಲ ದೀರ್ಘವೃತ್ತದಿಂದ ಸಮಗೊಳಿಸಿದಾಗ ಆರಂಭಬಿಂದು ದೊಡ್ಡ ಅಕ್ಷದ ಒಂದು ತುದಿಗೆ ಬರುತ್ತದೆ. ಆದರೆ ಯಾವ ತುದಿ? ಎಲೆಯ ಬುಡವೋ, ಮೇಲ್ತುದಿಯೋ? ದೀರ್ಘವೃತ್ತಕ್ಕೆ ಎರಡೂ ಒಂದೇ. ಹೀಗಾಗಿ ಕೆಲವು ಎಲೆಗಳು 180 ಡಿಗ್ರಿ ತಿರುಗಿ ಕೂರುತ್ತವೆ. ಬುಡವೂ ತುದಿಯೂ ದುಂಡಗಿರುವ ಎಲೆಗಳಲ್ಲಿ ಇದು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಆದರೆ ಗುಣಾಂಕಗಳ ಚಿಹ್ನೆ ಬದಲಾಗಿ ಪಿಸಿಎಯಲ್ಲಿ ಎರಡು ಗುಂಪು. ಉದ್ದ-ಅಗಲ ಹೆಚ್ಚುಕಡಿಮೆ ಸಮ ಇರುವ ಎಲೆಗಳಲ್ಲಿ ಇನ್ನೂ ಕಷ್ಟ: ದೊಡ್ಡ ಅಕ್ಷ ಯಾವುದು ಎನ್ನುವುದೇ ಒಂದೆರಡು ಮಿ.ಮೀ. ವ್ಯತ್ಯಾಸಕ್ಕೆ ಅಡ್ಡಕ್ಕೆ ತಿರುಗಿಬಿಡುತ್ತದೆ. ಎಲ್ಲ ಹೊರರೇಖೆಗಳನ್ನು ಒಂದರ ಮೇಲೊಂದು ಹಾಕಿ ನೋಡಿ, ತಿರುಗಿದವು ಕ್ಷಣದಲ್ಲೇ ಸಿಕ್ಕಿಬೀಳುತ್ತವೆ. ಯಾವ ಲೆಕ್ಕಕ್ಕೂ ಮುಂಚೆ ಮಾಡಲೇಬೇಕಾದ ಕೆಲಸವಿದು.

ಪರಿಹಾರ: ದೀರ್ಘವೃತ್ತವನ್ನು ನಂಬದೆ ಬುಡದ ಬಿಂದುವನ್ನು ಕೈಯಾರೆ ಗುರುತು ಮಾಡಿ. 250 ಎಲೆಗೆ ಒಂದು ಮಧ್ಯಾಹ್ನದ ಕೆಲಸ. ಆರ್ ಎಂಬ ಅಂಕಿಅಂಶ ಭಾಷೆಯ ಮೊಮೊಕ್ಸ್ ಪ್ಯಾಕೇಜಿನಲ್ಲಿ ಹೊರರೇಖೆಯ ಆರಂಭವನ್ನು ಆ ಬಿಂದುವಿಗೆ ಸರಿಸಿ, ಎಲೆಗಳನ್ನು ನೀವೇ ಹೊಂದಿಸಿಕೊಂಡು, ಫೋರಿಯರ್ ಲೆಕ್ಕದ 'ನಾರ್ಮ್' (ದೀರ್ಘವೃತ್ತದಿಂದ ತಾನೇ ಸಮಗೊಳಿಸುವ) ಆಯ್ಕೆಯನ್ನು 'ಫಾಲ್ಸ್' ಮಾಡಿ. ಹೊಂದಿಸಲು ಬುಡ ಮತ್ತು ತುತ್ತತುದಿ ಎಂಬ ಎರಡು ಬಿಂದು ಸಾಕೆಂದು ಅನ್ನಿಸಬಹುದು. ಅಶ್ವತ್ಥಕ್ಕೆ ಅದು ಸಾಲದು. ಬಾಲ ಒಂದು ಕಡೆಗೆ ವಾಲಿದ್ದರೆ ಅದರ ಜೊತೆ ಇಡೀ ಎಲೆ ಓರೆಯಾಗುತ್ತದೆ, ಬಾಲ ಉದ್ದವಿದ್ದರೆ ಅಲಗು ಕುಗ್ಗುತ್ತದೆ. ಹಾಗಾಗಿ ದಿಕ್ಕಿಗೆ ನಡುನರದ ಕೆಳಗಿನ ಅರ್ಧವನ್ನು, ಗಾತ್ರಕ್ಕೆ ವಿಸ್ತೀರ್ಣದ ವರ್ಗಮೂಲವನ್ನು ಬಳಸಿ.

ಹಾರ್ಮೋನಿಕ್ ಎಷ್ಟು ಎನ್ನುವುದಕ್ಕೆ ಸರಳ ಲೆಕ್ಕವಿದೆ. ಎಲೆಯ ಸುತ್ತಳತೆ 400 ಮಿ.ಮೀ. ಇದ್ದು 20 ಹಾರ್ಮೋನಿಕ್ ಇಟ್ಟರೆ ಅತಿ ಚಿಕ್ಕ ಅಲೆಯ ಉದ್ದ 20 ಮಿ.ಮೀ. ಅದಕ್ಕಿಂತ ಸಣ್ಣ ವಿವರ ಸರಿಯಾಗಿ ಮೂಡುವುದಿಲ್ಲ. ನಿಮ್ಮ ಐದೂ ಮರಗಳ ಎಲೆಯಂಚು ನಯವಾದದ್ದು, ಆದ್ದರಿಂದ ಬಾಲದ ಹೊರತು 15–20 ಸಾಕಾಗಬೇಕು. ಅದೇ 4 ಮಿ.ಮೀ.ಗೊಂದು ಹಲ್ಲಿರುವ ಗರಗಸದಂಚಿನ ಎಲೆಯಾಗಿದ್ದರೆ ಕನಿಷ್ಠ 100 ಬೇಕಿತ್ತು, ಅದಕ್ಕೆ ಹೊರರೇಖೆಯ ಮೇಲೆ 200ಕ್ಕಿಂತ ಎಷ್ಟೋ ಹೆಚ್ಚು ಬಿಂದುಗಳು ಬೇಕಿದ್ದವು. ಅಂಥ ಕಡೆ ಫೋರಿಯರ್ ಒತ್ತಾಯ ಮಾಡುವುದಕ್ಕಿಂತ ಹಲ್ಲುಗಳನ್ನು ಎಣಿಸುವುದೇ ಮೇಲು. ಹಾರ್ಮೋನಿಕ್ ಶಕ್ತಿ 99 ಶೇಕಡಾ ಮುಟ್ಟಿತು ಎಂದು ನಿಲ್ಲಿಸುವವರು ಮೊದಲ ಹಾರ್ಮೋನಿಕ್ ಬಿಟ್ಟು ಲೆಕ್ಕ ಹಾಕಿ. ಅದೊಂದೇ ಶಕ್ತಿಯ ಸಿಂಹಪಾಲು ನುಂಗಿರುತ್ತದೆ, ಅದನ್ನು ಸೇರಿಸಿದರೆ ಮೂರ್ನಾಲ್ಕಕ್ಕೇ 99 ಬಂದುಬಿಡುತ್ತದೆ.

ಬಾಲವನ್ನು ಮಾತ್ರ ನಾನು ಹೊರರೇಖೆಯಿಂದ ಬೇರೆ ಮಾಡುತ್ತೇನೆ. ಅಲಗಿನ ಭುಜ ಮುಗಿದು ಬಾಲ ಶುರುವಾಗುವಲ್ಲಿ ಕತ್ತರಿಸಿ, ಬಾಲದ ಉದ್ದವನ್ನು ಅಲಗಿನ ಉದ್ದದಿಂದ ಭಾಗಿಸಿ, ಅದನ್ನೊಂದು ಪ್ರತ್ಯೇಕ ಚರವಾಗಿ ಸೇರಿಸಿ. ಚೂಪು ತುದಿಗೆ ಹಾರ್ಮೋನಿಕ್ ಸುರಿದರೆ ಅದರ ಇಕ್ಕೆಲದಲ್ಲಿ ಸುಳ್ಳು ಅಲೆಗಳು ಏಳುತ್ತವೆ.

ಪತ್ರರೇಖೆ

ಹೊರರೇಖೆಗಳನ್ನು ಒಂದರ ಮೇಲೊಂದು ಹಾಕಿ ನೋಡಿದೆ. ಗೋಣಿಯಲ್ಲಿ ಅರ್ಧದಷ್ಟು ಎಲೆಗಳು ತಲೆಕೆಳಗಾಗಿವೆ, ನೀವು ಹೇಳಿದಂತೆಯೇ. ಬುಡದ ಬಿಂದು ಗುರುತಿಸಲು ಶುರುಮಾಡಿದ್ದೇನೆ. ಇನ್ನೆರಡು ಪ್ರಶ್ನೆ. ಐದರಲ್ಲಿ ಇಲ್ಲದ ಆರನೇ ಮರದ ಎಲೆ ಕೊಟ್ಟರೂ ಎಲ್‌ಡಿಎ ಯಾವುದೋ ಒಂದು ಹೆಸರನ್ನು ಭಾರೀ ಖಚಿತವಾಗಿ ಹೇಳುತ್ತದೆ. ಅದನ್ನು ತಡೆಯುವುದು ಹೇಗೆ? ಎರಡನೆಯದು, ಎಲೆಯ ಗಾತ್ರವನ್ನು ಬಿಟ್ಟೇಬಿಡಬೇಕೇ?

ಒಣಎಲೆ

ಎಲ್‌ಡಿಎ ಕೊಡುವ ಸಂಭವನೀಯತೆ "ಈ ಐದರಲ್ಲಿ ಒಂದು ಹೌದು" ಎಂಬ ಊಹೆಯ ಮೇಲೆ ನಿಂತಿದೆ. ದೂರದ ಎಲೆಗೂ ಐದರಲ್ಲಿ ಯಾವುದೋ ಒಂದು ಉಳಿದವಕ್ಕಿಂತ ಹತ್ತಿರ ಇದ್ದೇ ಇರುತ್ತದೆ, ಹಾಗಾಗಿ 0.99 ಎಂದರೂ ಅದಕ್ಕೆ ಅರ್ಥವಿಲ್ಲ. ಜೊತೆಗೆ ಪ್ರತಿ ಪ್ರಭೇದದ ಕೇಂದ್ರದಿಂದ ಮಹಲನೋಬಿಸ್ ದೂರ (ಗುಂಪಿನ ಹರಡುವಿಕೆಗೆ ತಕ್ಕಂತೆ ಅಳೆದ ದೂರ) ನೋಡಿ. 10 ಘಟಕ ಬಳಸಿದ್ದರೆ ದೂರದ ವರ್ಗವನ್ನು 10 ಮುಕ್ತಾಂಶದ ಕೈ-ವರ್ಗ (chi-square) ಕೋಷ್ಟಕದೊಂದಿಗೆ ಹೋಲಿಸಬಹುದು. 99 ಶೇಕಡಾ ಮಿತಿ 23.2. ಐದೂ ಕೇಂದ್ರಗಳಿಂದ ಅದಕ್ಕಿಂತ ದೂರವಿದ್ದರೆ ಉತ್ತರ "ಗೊತ್ತಿಲ್ಲ" ಎಂದಿರಲಿ. ಮಾದರಿ ಕಡಿಮೆ ಇರುವಾಗ ಕೋಷ್ಟಕದ ಈ ಮಿತಿ ತೀರಾ ಬಿಗಿ. ಹೊರಗಿಟ್ಟ ಮರಗಳ ಎಲೆಗಳು ತಮ್ಮದೇ ಪ್ರಭೇದದ ಕೇಂದ್ರದಿಂದ ಎಷ್ಟು ದೂರ ಬೀಳುತ್ತವೆ ಎಂದು ಅಳೆದು, ಅದರಿಂದ ಮಿತಿ ಕಟ್ಟುವುದು ಹೆಚ್ಚು ನಂಬಿಕೆಯದು. ಒಂದೇ ಎಲೆಯಿಂದ ತೀರ್ಮಾನಿಸುವುದೂ ಬೇಡ. ಮರದಿಂದ ಐದು ಎಲೆ ತೆಗೆದು ಅವುಗಳ ಸರಾಸರಿಗೆ ಹೆಸರು ಕೊಡಿ.

ಗಾತ್ರ: ನೆರಳು, ನೀರು, ಮರದ ವಯಸ್ಸು ಎಲ್ಲವೂ ಗಾತ್ರವನ್ನು ಬದಲಿಸುತ್ತವೆ, ಹಾಗಾಗಿ ಅದನ್ನು ಮುಖ್ಯ ಲಕ್ಷಣ ಮಾಡಬೇಡಿ. ಆದರೆ ಆಕಾರವೂ ಗಾತ್ರದ ಜೊತೆ ಬದಲಾಗುತ್ತದೆಯೇ ಎಂದು ನೋಡಲೇಬೇಕು. ಗಾತ್ರದ ಲಾಗರಿದಮ್ ಮೇಲೆ ಪಿಸಿಎ ಘಟಕಗಳ ಹಿಂಚಲನೆ (ರಿಗ್ರೆಷನ್) ಮಾಡಿ, ಐದು ಪ್ರಭೇದಕ್ಕೂ ಬೇರೆ ಬೇರೆ ಗೆರೆ ಎಳೆಯಿರಿ. ಗೆರೆಗಳ ಓಟ ಒಂದೇ ಆಗಿದ್ದರೆ ಗಾತ್ರದ ಪ್ರಭಾವವನ್ನು ಕಳೆಯಬಹುದು, ಬೇರೆಯಾಗಿದ್ದರೆ ಕಳೆಯಬಾರದು.

ಆಕಾರ ಒಂದರಿಂದಲೇ ಎಂದು ಹಟ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಹೊರರೇಖೆ ಎಲೆಯ ಒಂದು ಪಾಲು ಮಾತ್ರ. ಅಶ್ವತ್ಥ ಮತ್ತು ಬಸರಿಯ ತೊಟ್ಟು ತೆಳು, ಉದ್ದ, ಆಲದ್ದು ದಪ್ಪ. ತೊಟ್ಟಿನ ಉದ್ದವನ್ನು ಅಲಗಿನ ಉದ್ದಕ್ಕೆ ಹೋಲಿಸಿದ ಅನುಪಾತ ಒಂದೇ ಎಷ್ಟೋ ಗೊಂದಲ ಬಿಡಿಸುತ್ತದೆ. ಇದಕ್ಕೆ ಉದ್ದ-ಅಗಲದ ಅನುಪಾತ ಮತ್ತು ಅತಿ ಅಗಲದ ಜಾಗ ಬುಡದಿಂದ ಎಷ್ಟನೇ ಭಾಗದಲ್ಲಿದೆ ಎಂಬುದನ್ನು ಸೇರಿಸಿ. ಈ ಮೂರು ಅಂಕಿಗಳಿಂದ ಎಷ್ಟು ನಿಖರತೆ ಬರುತ್ತದೆ ಎಂದು ಮೊದಲು ನೋಡಿ, ಆಮೇಲೆ ಫೋರಿಯರ್ ಅದಕ್ಕೆ ಎಷ್ಟು ಕೂಡಿಸುತ್ತದೆ ಎಂದು ತೂಗಿ. ಇಮೇಜ್‌ಜೆ ಎಂಬ ಚಿತ್ರ-ತಂತ್ರಾಂಶ ಕೊಡುವ ವೃತ್ತಾಕಾರದ ಅಳತೆಯನ್ನು, ಅಂದರೆ 4π × ವಿಸ್ತೀರ್ಣ ÷ ಸುತ್ತಳತೆಯ ವರ್ಗ, ಎಚ್ಚರದಿಂದ ಬಳಸಿ. ರೆಸಲ್ಯೂಷನ್ ಹೆಚ್ಚಿದಂತೆ ಅಂಚಿನ ಸಣ್ಣ ಕೊಂಕುಗಳೂ ಎಣಿಕೆಗೆ ಬಂದು ಸುತ್ತಳತೆ ಬೆಳೆಯುತ್ತದೆ, ಅಳತೆ ಕುಸಿಯುತ್ತದೆ. ಬೇರೆ ಬೇರೆ ಡಿಪಿಐ ಚಿತ್ರಗಳನ್ನು ಬೆರೆಸಿದರೆ ಅದು ಪ್ರಭೇದವನ್ನಲ್ಲ, ಸ್ಕ್ಯಾನರನ್ನು ಗುರುತಿಸುತ್ತದೆ.

ಅತ್ತಿಯ ಎಲೆ ಆರಿಸುವಾಗ ಗಂಟುಗಳಿಲ್ಲದ್ದನ್ನು ನೋಡಿ. ಕೀಟಗಳಿಂದ ಎದ್ದ ಗಂಟು ಅಂಚನ್ನು ಎಳೆದು ಆಕಾರ ಕೆಡಿಸುತ್ತದೆ. ಮತ್ತೆ, ಹಸಿ ಎಲೆಯ ಲೆಕ್ಕದಿಂದ ಹರ್ಬೇರಿಯಂ ಹಾಳೆಯ ಒಣ ಎಲೆಗೆ ಹೆಸರು ಹೇಳಲು ಹೋಗಬೇಡಿ. ಒಣಗುವಾಗ ಉದ್ದವೂ ಅಗಲವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬೇಕೇಬೇಕೆಂದರೆ 30 ಎಲೆಗಳನ್ನು ಹಸಿಯಾಗಿ ಸ್ಕ್ಯಾನ್ ಮಾಡಿ, ಒತ್ತಿ ಒಣಗಿಸಿ, ಮತ್ತೆ ಸ್ಕ್ಯಾನ್ ಮಾಡಿ ಎಷ್ಟು ಬದಲಾಯಿತೆಂದು ಅಳೆಯಿರಿ.

ಹಾಲೆಗೊಂದು_ನರ

ಇದೇ ಕ್ರಮವನ್ನು ಹಾಲೆಗಳಿರುವ ಎಲೆಗಳಿಗೆ ಹಾಗೇ ಎತ್ತಿಕೊಂಡು ಹೋಗಬಹುದೇ ಎಂದು ಓದುವವರಿಗೆ ಅನ್ನಿಸಿದರೆ, ಬೇಡ. ಒಂದು ಎಲೆಗೆ 5 ಹಾಲೆ, ಇನ್ನೊಂದಕ್ಕೆ 7 ಇದ್ದಾಗ ಹೊರರೇಖೆಗಳ ಸರಾಸರಿ ಎಂದರೆ ಯಾವ ಎಲೆಯಲ್ಲೂ ಇಲ್ಲದ ಆಕಾರ. ಅಲ್ಲಿ ಎಲ್ಲ ಎಲೆಗಳಲ್ಲೂ ಸಿಗುವ ಮುಖ್ಯ ನರಗಳ ತುದಿ ಮತ್ತು ಹಾಲೆಗಳ ನಡುವಿನ ಕಣಿವೆಗಳಲ್ಲಿ ಲ್ಯಾಂಡ್‌ಮಾರ್ಕ್ (ಗುರುತುಬಿಂದು) ಇಟ್ಟು ಪ್ರೊಕ್ರಸ್ಟಿಸ್ (ಬಿಂದುಗಳನ್ನು ಸರಿಸಿ, ತಿರುಗಿಸಿ, ಹಿಗ್ಗಿಸಿ-ಕುಗ್ಗಿಸಿ ಒಂದರ ಮೇಲೊಂದು ಹೊಂದಿಸುವ ಕ್ರಮ) ಮಾಡುವುದು ಸರಿ, ಏಕೆಂದರೆ ಪ್ರತಿ ಬಿಂದುವೂ ಎಲ್ಲ ಎಲೆಗಳಲ್ಲಿ ಒಂದೇ ಅಂಗಕ್ಕೆ ಹೊಂದುತ್ತದೆ. ಪ್ಯಾಸಿಫ್ಲೋರಾ ಬಳ್ಳಿಗಳ ಮೇಲೆ 2017ರಲ್ಲಿ ಚಿಟ್‌ವುಡ್ ಮತ್ತು ಒಟೋನಿ ಪ್ರಕಟಿಸಿದ ಕೆಲಸದಲ್ಲಿ 40 ಪ್ರಭೇದಗಳ 3,300ಕ್ಕೂ ಹೆಚ್ಚು ಎಲೆಗಳ ಮೇಲೆ ಲ್ಯಾಂಡ್‌ಮಾರ್ಕ್ ಮತ್ತು ಫೋರಿಯರ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾರೆ. ಬಳ್ಳಿಯ ಮೇಲೆ ಎಲೆಯ ಸ್ಥಾನವನ್ನೂ ದಾಖಲಿಸಿದ್ದಾರೆ. ಹೀಗೆ ಬಳ್ಳಿಯ ಸಂಖ್ಯೆ, ಗೆಣ್ಣಿನ ಸಂಖ್ಯೆ ಇರುವ ದತ್ತಾಂಶ ಕಲಿಕೆಗೆ ಬಲು ಒಳ್ಳೆಯದು.

ಬೇವಿನಂಥ ಸಂಯುಕ್ತ ಎಲೆಗಳಲ್ಲಿ ನೀವು ಅಳೆಯುವುದು ಕಿರುಎಲೆಯನ್ನು. ತುದಿಯ ಜೋಡಿಯಿಂದ ಇಷ್ಟನೆಯದು ಎಂದು ನಿಗದಿ ಮಾಡಿಕೊಂಡು ಯಾವಾಗಲೂ ಅದನ್ನೇ ತೆಗೆಯಿರಿ. ಪಕ್ಕದ ಕಿರುಎಲೆಗಳು ಕುಡುಗೋಲಿನಂತೆ ಬಾಗಿ ಬುಡದಲ್ಲಿ ಓರೆಯಾಗಿರುತ್ತವೆ. ಆ ಓರೆಯೇ ಅಲ್ಲಿ ಲಕ್ಷಣ.

ಇಲ್ಲಿ ಎಡಬಲದ ಮಾತು ಬರುತ್ತದೆ, ಇದು ಫೈಕಸ್‌ಗೂ ಅನ್ವಯ. ನಡುನರವನ್ನು ಅಡ್ಡ ಅಕ್ಷಕ್ಕೆ ಹೊಂದಿಸಿ ಬುಡದಿಂದ ಶುರುಮಾಡಿದಾಗ ಪ್ರತಿ ಹಾರ್ಮೋನಿಕ್‌ನ ನಾಲ್ಕು ಗುಣಾಂಕಗಳಲ್ಲಿ ಮೊದಲನೆಯದು ಮತ್ತು ನಾಲ್ಕನೆಯದು ಎಡಬಲ ಸಮವಾದ ಆಕಾರವನ್ನು, ನಡುವಿನ ಎರಡು ಓರೆಯನ್ನು ಹೇಳುತ್ತವೆ. ಪತ್ರರೇಖೆಯವರ ಐದು ಮರಗಳಲ್ಲಿ ಓರೆ ಹೆಚ್ಚಾಗಿ ಆಕಸ್ಮಿಕವಾದದ್ದು. ನಡುವಿನೆರಡನ್ನು ಬಿಟ್ಟರೆ ಚರಗಳು ಅರ್ಧಕ್ಕಿಳಿದು ಎಲ್‌ಡಿಎ ಹಗುರಾಗುತ್ತದೆ. ಬೇವು, ಬಿಗೋನಿಯಾದಂಥವಲ್ಲಿ ಅದನ್ನು ಬಿಡಬಾರದು. ಅಲ್ಲಿ ಎಲ್ಲ ಎಲೆಗಳನ್ನೂ ಒಂದೇ ಮೈ ಕೆಳಗಾಗಿ ಸ್ಕ್ಯಾನ್ ಮಾಡಿರಬೇಕು. ಕೆಲವನ್ನು ಮೇಲ್ಮೈ ಗಾಜಿಗೆ ತಾಗುವಂತೆ, ಕೆಲವನ್ನು ಕೆಳಮೈ ತಾಗುವಂತೆ ಇಟ್ಟರೆ ಎಡ ಬಲವಾಗಿ ಗುಣಾಂಕಗಳ ಚಿಹ್ನೆ ತಿರುಗುತ್ತದೆ, ಗೋಣಿಯಂತೆಯೇ ಮತ್ತೆ ಎರಡು ಗುಂಪು. ಕಿರುಎಲೆ ನಡುಕಡ್ಡಿಯ ಎಡದ್ದೋ ಬಲದ್ದೋ ಎಂಬುದನ್ನೂ ಬರೆದಿಟ್ಟು, ಒಂದು ಬದಿಯವನ್ನು ಕನ್ನಡಿಬಿಂಬವಾಗಿ ತಿರುಗಿಸಿಕೊಳ್ಳಿ. ಕಡತದ ಹೆಸರಿನಲ್ಲೇ ಪ್ರಭೇದ, ಮರ, ಕೊಂಬೆ, ಗೆಣ್ಣು, ಬದಿ, ಮೈ ಆರೂ ಬರಲಿ. ಸ್ಕ್ಯಾನ್ ಆದ ಮೇಲೆ ಎಲೆ ಬಾಡುತ್ತದೆ, ಆಮೇಲೆ ಯಾವುದು ಯಾವ ಮರದ್ದೆಂದು ಹೇಳಲು ಬೇರೆ ದಾರಿ ಇರುವುದಿಲ್ಲ.